ತಿದ್ದುವ ಹಕ್ಕು ಯಾರದು?

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ಹೋದರೆ ಯಂತ್ರಗಳಿಗೆ ಬಟ್ಟೆ ಹೊದಿಸಿರುತ್ತೆ. ಮೇಷ್ಟ್ರು ಒಬ್ಬರೇ ಬಟ್ಟೆ ಸರಿಸಿ ಮುಟ್ಟುತ್ತಾರೆ. ಐಕಳು ಕೈಕಟ್ಟಿಕೊಂಡು ಹಿಂದೆ ನಿಂತು ನೋಡುತ್ತವೆ. ಆಯುಧಪೂಜೆ ದಿನ ಅರಿಶಿನ ಕುಂಕುಮ, ಬೂದುಗುಂಬಳ, ಮಂಗಳಾರತಿ. ಆಮೇಲೆ ಬೀಗ. ಕೀಲಿ ಹೆಡ್‌ಮೇಷ್ಟ್ರ ಡ್ರಾಯರಿನಲ್ಲಿ. ಗೆಳೆಯರೇ, ಈ ಏರ್ಪಾಡನ್ನು ನಾವು ಎಲ್ಲೋ ನೋಡಿದ್ದೀವಲ್ಲ? ನಮ್ಮಪ್ಪ, ನಮ್ಮ ತಾತ ಬೇರೊಂದು ಕಟ್ಟಡದ ಹೊರಗೆ ನಿಂತು ಇದನ್ನೇ ನೋಡಿದ್ದರು. ಅಲ್ಲಿ ತೀರ್ಥವಾದರೂ ಮೇಲಿಂದ ಬೀಳುತ್ತಿತ್ತು. ಇಲ್ಲಿ ಗೋಡೆಯ ಮೇಲೆ ಒಂದು ವಿಡಿಯೋ ಬೀಳುತ್ತೆ, ಅಷ್ಟೆ.

ನಾನು ರಾಮನಗರ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಕೇರಿಯಲ್ಲಿ ಹುಟ್ಟಿದವನು. ಈಚೆಗೆ ಯಾವ ತರಬೇತಿಗೆ ಹೋದರೂ ಒಂದೇ ಮಂತ್ರ: 'ಆನ್‌ಲೈನ್ ಡಾಕ್ಯುಮೆಂಟುಗಳನ್ನು ತರಗತಿಯಲ್ಲಿ ಸೃಜನಶೀಲವಾಗಿ ಬಳಸಿ.' ಹೇಳುವವರು ಪರದೆಯ ಮೇಲೆ ಚಿತ್ರ ತೋರಿಸುತ್ತಾರೆ, ನಾವು ಬರೆದುಕೊಳ್ಳುತ್ತೀವಿ, ಟೀ ಬಿಸ್ಕತ್ತು ಆಗುತ್ತೆ, ಸಹಿ ಹಾಕಿ ಬಸ್ಸು ಹತ್ತುತ್ತೀವಿ. ಸೃಜನಶೀಲ ಅಂದರೇನು ಸ್ವಾಮಿ, ಯಾರ ಸೃಜನ, ಯಾವುದರ ಸೃಜನ ಅಂತ ಒಬ್ಬನೂ ಕೇಳೋದಿಲ್ಲ. ನಾನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೀನಿ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೀನಿ. ಗೂಗಲ್ ಡಾಕ್ಸ್ ಅಂತ ಒಂದಿದೆ. 2006ರಿಂದ ಇದೆ. ಅದು ಇಂಟರ್‌ನೆಟ್ಟಿನ ಮೇಲೆ ಇಟ್ಟ ಒಂದು ಖಾಲಿ ಹಾಳೆ. ಕನಕಪುರದಲ್ಲಿ ಒಬ್ಬಳು, ಮಾಗಡಿಯಲ್ಲಿ ಒಬ್ಬ, ಒಂದೇ ಹೊತ್ತಿನಲ್ಲಿ ಒಂದೇ ಹಾಳೆಯ ಮೇಲೆ ಬರೆಯಬಹುದು. ಅವಳು ಬರೆದ ಅಕ್ಷರ ಇವನ ಕಣ್ಣೆದುರೇ ಮೂಡುತ್ತೆ. ಮನಸ್ಸಿಗೆ ಬಾರದಿದ್ದರೆ ಪಕ್ಕದಲ್ಲಿ ಟಿಪ್ಪಣಿ ಹಾಕಬಹುದು. ಒಂದು ಕಾಲಕ್ಕೆ ನಾವು ಶಾಲೆಯ ಗೋಡೆಗೆ ಅಂಟಿಸುತ್ತಿದ್ದ ಕೈಬರಹದ ಗೋಡೆಪತ್ರಿಕೆ ನೆನಪಿಸಿಕೊಳ್ಳಿ. ಆ ಗೋಡೆ ಎಲ್ಲರ ಮನೆಯಲ್ಲೂ ಇದ್ದರೆ ಹೇಗೋ ಹಾಗೆ.

ಆದರೆ ಆ ಹಾಳೆಗೆ ಒಂದು ಕಟ್ಟಳೆ ಇದೆ. ಹಾಳೆ ತೆರೆದವನು ಮಾಲೀಕ. ಅವನ ಕೆಳಗೆ ತಿದ್ದುವವನು. ಅವನ ಕೆಳಗೆ ಬರೀ ಟಿಪ್ಪಣಿ ಹಾಕುವವನು. ಎಲ್ಲರ ಕೆಳಗೆ ನೋಡುವವನು. ಅವನು ಕಣ್ಣಲ್ಲಿ ನೋಡಬಹುದು, ಕೈ ಇಡುವ ಹಾಗಿಲ್ಲ. ಎಣಿಸಿ ನೋಡಿ, ನಾಲ್ಕು. ಇನ್ನು ಆ ಹಾಳೆಯ ವಿಳಾಸವೇ ಸಿಗದೆ ಹೊರಗೆ ಉಳಿದವನಿದ್ದಾನಲ್ಲ, ಅವನು ಐದನೆಯವನು. ಪಂಚಮ. ಗೂಗಲ್ ಕಂಪನಿಯವರು ಮನುಸ್ಮೃತಿ ಓದಿ ಮಾಡಿದ್ದಲ್ಲ ಬಿಡಿ. ಅವರ ಲೆಕ್ಕ ಬೇರೆ. ಆದರೆ ಈ ನಾಲ್ಕು ಮತ್ತೊಂದು ಮೆಟ್ಟಿಲು ಕಂಡ ಕೂಡಲೇ ಯಾವ ಐಕಳನ್ನು ಯಾವ ಮೆಟ್ಟಿಲಿನ ಮೇಲೆ ನಿಲ್ಲಿಸಬೇಕು ಅನ್ನೋದು ನಮ್ಮ ಸಮಾಜಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸರ್ಕಾರಿ ಶಾಲೆಯ ಮಕ್ಕಳು ನೋಡುವವರು. ಅವರಿಗೆ ಹೆಚ್ಚಾಗಿ ಬರುವುದು ಪಿಡಿಎಫ್ಫು, ವಿಡಿಯೋ, ಪ್ರಶ್ನೆಗೆ ಎ ಬಿ ಸಿ ಡಿ ಒತ್ತುವ ಫಾರಮ್ಮು. ಬರೆಯುವ ಹಾಳೆ ಬರೋದು ಅಪರೂಪ.

ಹುಟ್ಟಿನಿಂದ ಬಂದ ಮೆಟ್ಟಿಲಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ಇದನ್ನು ಒಂದು ಬೆರಳು ಒತ್ತಿ ಬದಲಾಯಿಸಬಹುದು. ಒತ್ತುವ ಬೆರಳು ಮೇಷ್ಟ್ರದು. ಹಾಗಾಗಿ ನನ್ನ ಜಗಳ ಮೊದಲು ನನ್ನ ಜೊತೆ, ನನ್ನಂಥ ಮೇಷ್ಟ್ರುಗಳ ಜೊತೆ. ಕಂಪನಿ, ಸರ್ಕಾರಗಳ ಜೊತೆ ಆಮೇಲೆ.

ಡಾಕ್ಯುಮೆಂಟು ಅಂದರೆ ದಸ್ತಾವೇಜು. ದಸ್ತಾವೇಜು ಅಂದ ಕೂಡಲೇ ನಮ್ಮ ಕೇರಿಯ ಮುದುಕರ ಮುಖ ನೋಡಬೇಕು ನೀವು. ಹೆದರಿಕೆ. ಯಾಕೆಂದರೆ ಅದು ಯಾವತ್ತೂ ನಾವು ಬರೆದದ್ದಲ್ಲ. ತಮಟೆ ಹೊಡೆದು ಸಾರುವವರು ನಾವು, ಏನು ಸಾರಬೇಕು ಅಂತ ಬರೆಯುವವರು ಶಾನುಭೋಗರು. ಕಂದಾಯದ ಚೀಲ ಹೊರುವವರು ನಾವು, ಲೆಕ್ಕ ಅವರದು. 1961ರ ಕಾಯ್ದೆ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದು ಮಾಡಿತು. ಬರೆದಿಟ್ಟಿದ್ದ ಲೆಕ್ಕ ರದ್ದಾಗಲಿಲ್ಲ. ಕಲ್ಲು ಕ್ವಾರಿಯಲ್ಲಿ, ರೇಷ್ಮೆ ಹುರಿಯ ಮಗ್ಗುಲಲ್ಲಿ ಸಾಲದ ಪುಸ್ತಕ ಸಾಹುಕಾರನ ಕೈಲಿ. ಎಷ್ಟು ಕೊಟ್ಟೆ, ಎಷ್ಟು ತೀರಿತು ಅಂತ ಅವನು ಬರೆದದ್ದೇ ವೇದ, ನಮ್ಮದು ಹೆಬ್ಬೆಟ್ಟು. ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಅದಾಗಿ 27 ವರ್ಷದ ಮೇಲೆ, 2003ರಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಅನ್ನೋ ಸಂಸ್ಥೆ ರೇಷ್ಮೆ ಉದ್ದಿಮೆಯ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ರಾಮನಗರ, ಮಾಗಡಿಗಳ ಹೆಸರಿತ್ತು. ಆ ವರದಿ ಇಂಗ್ಲಿಷಿನಲ್ಲಿತ್ತು. ಆ ಮಕ್ಕಳ ಮಕ್ಕಳು ಈಗ ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ.

ಜಮೀನಿನ ಕತೆ ಇನ್ನೂ ಚೆಂದ. ದಲಿತರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಬೇರೆಯವರು ಬರೆಸಿಕೊಳ್ಳಬಾರದು ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಬಂದರೇನು? ಬೆಂಗಳೂರು ಬೆಳೆಯುತ್ತಾ ಬೆಳೆಯುತ್ತಾ ಬಿಡದಿಗೆ ಬಂತು, ಹಾರೋಹಳ್ಳಿಗೆ ಬಂತು, ಎಕರೆ ಬೆಲೆ ಆಕಾಶಕ್ಕೆ ಹೋಯಿತು, ನಮ್ಮವರ ಪಹಣಿಗಳಲ್ಲಿ ಹೆಸರು ಬದಲಾದವು. ಭೂಮಿ ವಾಪಸ್ ಕೊಡಿ ಅಂತ ಕೇಳಲು ಹೋದವರಿಗೆ 2017ರಲ್ಲಿ ಸುಪ್ರೀಂ ಕೋರ್ಟು ತಕ್ಕ ಸಮಯದೊಳಗೆ ಕೇಳಬೇಕು ಅಂದಿತು. ಓದಲು ಬಾರದವನಿಗೆ ತಕ್ಕ ಸಮಯ ಯಾವುದು? ಕಾಲಮಿತಿ ಇಲ್ಲ ಅಂತ ಕಾಯ್ದೆಯೊಳಗೇ ಬರೆಸಲು 2023ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಅಕ್ಷರ ಬಲ್ಲವರು ಒಂದು ಹೆಸರು ತಿದ್ದಿದ್ದನ್ನು ಸರಿಮಾಡಲು ನಮಗೆ ಒಂದು ತಲೆಮಾರು ಬೇಕು. ಹೀಗಿರುವಾಗ 'ಎಡಿಟ್' ಅನ್ನೋ ಪದ ನಮಗೆ ಬರೀ ಕಂಪ್ಯೂಟರಿನ ಪದ ಹೇಗಾದೀತು?

ಪಠ್ಯಪುಸ್ತಕದ ವಿಷಯಕ್ಕೆ ಬನ್ನಿ. 2022ರಲ್ಲಿ ಒಂದು ಪರಿಷ್ಕರಣಾ ಸಮಿತಿ ಕೂತು ಪಠ್ಯಗಳನ್ನು ತಿದ್ದಿತು. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರ್ ಅವರಿಗಿದ್ದ 'ಸಂವಿಧಾನ ಶಿಲ್ಪಿ' ಅನ್ನೋ ಮಾತು ಕಾಣೆಯಾಯಿತು. ಗಲಾಟೆಯಾದ ಮೇಲೆ ಸೇರಿಸುತ್ತೀವಿ ಅಂದರು. ದೇವನೂರ ಮಹಾದೇವ ಅವರು 'ಎದೆಗೆ ಬಿದ್ದ ಅಕ್ಷರ' ಪಾಠಕ್ಕೆ ತಾವು ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು, ಮತ್ತೆ ತಿದ್ದಿದರು. ಒಪ್ಪಿದೆ, ಎರಡನೆಯದು ಮೊದಲನೆಯದಕ್ಕಿಂತ ಮೇಲು. ಆದರೆ ಎರಡು ಸಲವೂ ಕ್ಲಾಸಿನಲ್ಲಿ ಕೂತವರು ನೋಡುವವರೇ. ಈ ಪಾಠ ನಿನಗೆ ಯಾಕೆ ಬೇಕು, ಯಾಕೆ ಬೇಡ ಅಂತ ಒಂದು ಮಗುವಿನ ಟಿಪ್ಪಣಿಯನ್ನಾದರೂ ಯಾರಾದರೂ ತಗೊಂಡರಾ? ಊರಿನ ಹೆಸರಿಗೂ ಇದೇ ಗತಿ. ಟಿಪ್ಪು ಕಾಲಕ್ಕೆ ಶಂಸೇರಾಬಾದ್, ಬ್ರಿಟಿಷರ ಕಾಲಕ್ಕೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಜಿಲ್ಲೆ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು. ರಾಮ ಇರಲಿ ಬೆಂಗಳೂರಿರಲಿ, ನನಗೆ ಯಾವ ಮೋಹವೂ ಇಲ್ಲ. ತಿದ್ದಿದವರು ಯಾರು, ಕೇಳಿಸಿಕೊಂಡವರು ಯಾರು ಅನ್ನೋದಷ್ಟೆ ನನ್ನ ತಕರಾರು. ನನ್ನ ಕ್ಲಾಸಿನ ಹುಡುಗನೊಬ್ಬ ಕೇಳಿದ: 'ಸಾರ್, ಈಗ ಅಪ್ಲಿಕೇಶನ್ನಲ್ಲಿ ಏನಂತ ಬರೀಬೇಕು ನಾವು?' ಅವನ ಪಾಲಿಗೆ ಉಳಿದ ಪ್ರಶ್ನೆ ಅದೊಂದೇ.

2020ರ ಮಾರ್ಚಿನಲ್ಲಿ ಕೊರೋನ ಬಂದು ಶಾಲೆ ಮುಚ್ಚಿದಾಗ ಎಲ್ಲರಿಗೂ ಆನ್‌ಲೈನ್ ಜ್ಞಾನೋದಯವಾಯಿತು. ಅದಕ್ಕೆ ಮುಂಚೆ, 2017-18ರಲ್ಲಿ, ಕೇಂದ್ರ ಸರ್ಕಾರದವರೇ ಮಾಡಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕ ಹೀಗಿತ್ತು: ದೇಶದ ಹಳ್ಳಿಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4, ಇಂಟರ್‌ನೆಟ್ ಇದ್ದದ್ದು ನೂರಕ್ಕೆ 14.9. ಇದು ಗೊತ್ತಿದ್ದೂ ಬೆಂಗಳೂರಿನ ಶಾಲೆಗಳು ಕ್ಯಾಮೆರಾ ಮುಂದೆ ಪಾಠ ಶುರು ಮಾಡಿದವು. ನಮ್ಮಲ್ಲಿ ಅಪ್ಪನ ಫೋನು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗಿರುತ್ತಿತ್ತು. ಸಂಜೆ ಏಳಕ್ಕೆ ಫೋನು ಮನೆಗೆ ಬಂದರೆ ಮೊದಲು ಅಣ್ಣನಿಗೆ, ಉಳಿದರೆ ತಂಗಿಗೆ. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಅಂತ ತಂದಿತು. ಮೇಷ್ಟ್ರು ಊರಿಗೇ ಹೋಗಿ ಅರಳಿಕಟ್ಟೆ, ಗುಡಿಯ ಜಗಲಿ, ಸಮುದಾಯ ಭವನ, ಸಿಕ್ಕಿದ ಕಡೆ ಪಾಠ ಮಾಡೋದು. ಒಳ್ಳೆಯ ಯೋಚನೆಯೇ. ಆದರೆ ಯಾವ ಜಗಲಿ ಯಾರ ಮಗುವಿಗೆ ಅನ್ನೋದು ಬೆಂಗಳೂರಿನಲ್ಲಿ ಕೂತು ಸುತ್ತೋಲೆ ಬರೆಯುವವರಿಗೆ ತೋಚುವ ವಿಷಯವಲ್ಲ. ನಾನು ಬೇವಿನ ಮರದ ಕೆಳಗೆ ಕೂರಿಸಿದೆ. ಮರಕ್ಕೆ ಮಡಿಯಿಲ್ಲ. ಅಕ್ಟೋಬರಿನಲ್ಲಿ ಸೋಂಕಿನ ಹೆದರಿಕೆಯಿಂದ ಅದನ್ನೂ ನಿಲ್ಲಿಸಿದರು. ಮರುವರ್ಷ ಜೂನಿನಲ್ಲಿ, ಶಾಲೆ ಮುಚ್ಚಿದ್ದಾಗ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ನಮ್ಮ ಸಿದ್ಧಲಿಂಗಯ್ಯನವರು ಅದೇ ರೋಗಕ್ಕೆ ಹೋಗಿಬಿಟ್ಟರು. ಆ ದಿನ ಮಕ್ಕಳಿಗೆ ಅವರ ಬಗ್ಗೆ ನಾಲ್ಕು ಮಾತು ಹೇಳೋಣ ಅಂದರೆ ಎದುರಿಗೆ ಮಕ್ಕಳಿಲ್ಲ. ವಾಟ್ಸಾಪಿಗೆ ಒಂದು ಫೋಟೋ ಹಾಕಿದೆ. ಮೂರು ಜನ ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟು! ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ.

ಇನ್ನು ನಮ್ಮ ಮೇಷ್ಟ್ರುಗಳ ಕೈಗೆ ಈ ಆನ್‌ಲೈನ್ ಹಾಳೆ ಹೇಗೆ ಬಂತು? ಲೆಕ್ಕದ ಹಾಳೆಯಾಗಿ ಬಂತು. ಮಕ್ಕಳ ವಿವರ ಎಸ್‌ಎಟಿಎಸ್‌ಗೆ ಏರಿಸು, ಬಿಸಿಯೂಟ ಎಷ್ಟು ಜನ ಉಂಡರು ಹಾಕು, ಮೊಟ್ಟೆ ಎಷ್ಟು ಹಾಕು, ಬಾಳೆಹಣ್ಣು ಎಷ್ಟು ಹಾಕು, ಅಪಾರ್, ಆಧಾರ್, ಸಂಜೆ ನಾಲ್ಕರೊಳಗೆ ಈ ಶೀಟು ತುಂಬು. ಹತ್ತು ಶಾಲೆಯವರು ಒಂದೇ ಶೀಟಿಗೆ ನುಗ್ಗಿ ಒಬ್ಬರ ಸಾಲಿನ ಮೇಲೆ ಒಬ್ಬರು ತುಂಬಿ ಕೊನೆಗೆ ಫೋನಿನಲ್ಲಿ ಬೈದಾಡುವುದನ್ನು ನೀವೂ ನೋಡಿದ್ದೀರಿ. ಹಿಂದೆ ಶಾನುಭೋಗರು ಗದ್ದುಗೆ ಮೇಲೆ ಕೂತು ಬರೆಯುತ್ತಿದ್ದರು. ಈಗ ಮೇಷ್ಟ್ರು ನೆಟ್‌ವರ್ಕ್ ಸಿಗುವ ಬಂಡೆ ಹತ್ತಿ ಬರೆಯುತ್ತಾನೆ. 2025ರಲ್ಲಿ ಒಳಮೀಸಲಾತಿಯ ಸಮೀಕ್ಷೆ, ಆಮೇಲೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, ಎರಡಕ್ಕೂ ಮೇಷ್ಟ್ರುಗಳೇ ಫೋನು ಹಿಡಿದು ಮನೆಮನೆ ಸುತ್ತಿದರು. ಆ ಸಮೀಕ್ಷೆಗಳು ಬೇಡ ಅನ್ನುವ ಮೂರ್ಖ ನಾನಲ್ಲ. ಅವು ನಮ್ಮದೇ ಹೋರಾಟದ ಬೇಡಿಕೆ. ಎಣಿಸದೆ ಪಾಲು ಸಿಗೋದಿಲ್ಲ. ಆದರೆ ಮೇಷ್ಟ್ರು ಎಣಿಸುವವನಾಗಿ, ಮಗು ಎಣಿಸಿಕೊಳ್ಳುವವನಾಗಿ, ಅಲ್ಲಿಗೇ ಮುಗಿದರೆ ಈ ಸಾಧನ ನಮಗೆ ಏನು ಕೊಟ್ಟ ಹಾಗಾಯಿತು?

ಹಳ್ಳಿ ಐಕಳಿಗೆ ಇದೆಲ್ಲ ಎಲ್ಲಿ ಬರುತ್ತೆ ಅನ್ನುವ ಮೇಷ್ಟ್ರುಗಳಿದ್ದಾರೆ. ನಮ್ಮವರಲ್ಲೂ ಇದ್ದಾರೆ, ಅದೇ ಸಂಕಟ. ಅವರನ್ನು ಒಂದು ಬೆಳಿಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಈಗ ಈ-ಹರಾಜು. ನಾಲ್ಕನೇ ಕ್ಲಾಸು ಓದಿದ ರೀಲರು ಲಾಟಿನ ಮುಂದೆ ನಿಂತು ಒಂದು ಹಿಡಿ ಗೂಡು ತಿರುವಿ ನೋಡಿ ಇನ್ನೊಂದು ಕೈಲಿ ಫೋನಿನಲ್ಲಿ ರೇಟು ಒತ್ತುತ್ತಾನೆ. ಹೊಟ್ಟೆಪಾಡಿಗೆ ಬೇಕಾದ್ದು ಬರುತ್ತೆ ಸ್ವಾಮಿ. ಬರದೇ ಇರುವುದು, ಬರಬಾರದು ಅಂತ ನೀವು ಬೀಗ ಹಾಕಿಟ್ಟಿದ್ದು.

ನಾನು ಮಾಡಿದ್ದು ದೊಡ್ಡದೇನಲ್ಲ. ಲ್ಯಾಬಿನಲ್ಲಿ ಹನ್ನೆರಡರಲ್ಲಿ ಆರು ಯಂತ್ರ ಓಡುತ್ತಿದ್ದವು. ಇಂಟರ್‌ನೆಟ್ಟು ನನ್ನ ಫೋನಿನದು. ಒಂದು ಯಂತ್ರಕ್ಕೆ ಐದು ಮಕ್ಕಳು. ಕೂರಿಸುವಾಗ ಊರು, ಕೇರಿ, ತಾಂಡ್ಯ, ಸಾಬರ ಬೀದಿ ಬೆರೆಸಿ ಕೂರಿಸಿದೆ. ಹತ್ತು ನಿಮಿಷಕ್ಕೊಮ್ಮೆ ಕೀಲಿಮಣೆ ಕೈ ಬದಲಾಗಲೇಬೇಕು ಅಂತ ಕಟ್ಟಪ್ಪಣೆ, ಇಲ್ಲದಿದ್ದರೆ ಯಾವ ಹುಡುಗ ಹಿಡಿದುಕೊಳ್ಳುತ್ತಾನೆ, ಯಾವ ಹುಡುಗಿ ಹಿಂದೆ ನಿಲ್ಲುತ್ತಾಳೆ ಅಂತ ಗೊತ್ತೇ ಇದೆ. ಹಾಳೆಯನ್ನು 'ಲಿಂಕ್ ಇದ್ದವರೆಲ್ಲ ತಿದ್ದಬಹುದು' ಅಂತ ಬಿಟ್ಟೆ. ಲಾಗಿನ್ ಇಲ್ಲದೆ ಒಳಗೆ ಬಂದವರಿಗೆ ಗೂಗಲ್ ಪ್ರಾಣಿಗಳ ಹೆಸರಿಡುತ್ತೆ, ಅನಾಮಿಕ ಆನೆ ಇತ್ಯಾದಿ. ಐಕಳಿಗೆ ಖುಷಿಯೋ ಖುಷಿ. ನನಗೂ ಖುಷಿ, ಯಾಕೆಂದರೆ ಆ ಹೆಸರುಗಳ ಹಿಂದೆ ಗೌಡ ಅಂತಾಗಲಿ ಇನ್ನೊಂದಾಗಲಿ ಬಾಲವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಜಾತಿಯ ಕಲಂ ನೋಡಿ ನೋಡಿ ಸಾಕಾಗಿದ್ದ ಕಣ್ಣಿಗೆ ಅದು ಎಷ್ಟೋ ತಂಪು.

ಮೊದಲ ಹಾಳೆ ಪದಗಳದ್ದು. ನಿಮ್ಮ ಮನೆಯ ಕೆಲಸದ ಮಾತುಗಳನ್ನು ಬರೀರಿ, ಅರ್ಥ ಬರೀರಿ ಅಂದೆ. ಹುಳ ಸಾಕುವ ಮನೆಯವರು ಬರೆದರು: ಚಾಕಿ, ಚಂದ್ರಿಕೆ, ಬಿಚ್ಚಾಣಿಕೆ, ಹುಳ 'ಜ್ವರಕ್ಕೆ ಕೂರೋದು', ಹುಳ 'ಹಣ್ಣಾಗೋದು'. ಜ್ವರ ಅಂದರೆ ಕಾಯಿಲೆ ಅಲ್ವಾ ಅಂತ ಒಬ್ಬಳು ಪಕ್ಕದಲ್ಲಿ ಟಿಪ್ಪಣಿ ಹಾಕಿದಳು. ಅಲ್ಲ ಕಣೆ, ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ತಿನ್ನದೆ ತಲೆ ಎತ್ತಿ ನಿಲ್ಲುತ್ತೆ, ಅದು ಜ್ವರ, ಹಂಗೆ ನಾಕು ಸಲ ಅಂತ ಇನ್ನೊಬ್ಬ ಉತ್ತರ ಬರೆದ. ಚನ್ನಪಟ್ಟಣದಲ್ಲಿ ಅಜ್ಜಿಮನೆ ಇರುವ ಹುಡುಗ ಬೊಂಬೆಯ ಮಾತು ತಂದ: ಆಲೆಮರ ಒಣಗಿಸಬೇಕು, ಮರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹಿಡಿಯುತ್ತೆ, ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು. ಕನಕಪುರ ಕಡೆ ಕ್ವಾರಿಯಿಂದ ಬಂದ ಮಗು ಚಾಣ, ಸುತ್ತಿಗೆ, ಸೈಜುಗಲ್ಲು, ಜಲ್ಲಿ ಅಂತ ಬರೆದು, ಅದರ ಕೆಳಗೆ ನಾನು ಕೇಳದೇ ಇದ್ದ ಒಂದು ಪದ ಸೇರಿಸಿತ್ತು: 'ಅಡ್ವಾನ್ಸು. ಅಂದ್ರೆ ಊರಿಗೆ ಹೋಗಕ್ಕಾಗಲ್ಲ.' ಮೂವತ್ತು ವರ್ಷ ಪಾಠ ಹೇಳಿದರೂ ಜೀತಕ್ಕೆ ಇಂಥ ವಿವರಣೆ ನನ್ನಿಂದ ಬರೆಯಲಾಗುತ್ತಿರಲಿಲ್ಲ.

ಇಲ್ಲೊಂದು ಮಾತು, ಭಾಷೆಯದ್ದು. ಮೇಷ್ಟ್ರಾದವನ ಕೈ ಕೆಂಪು ಇಂಕಿನ ಕಡೆಗೇ ಹೋಗುತ್ತೆ. 'ಬತ್ತದೆ', 'ಓಗ್ತೀನಿ', 'ಐಕ್ಳು' ಕಂಡರೆ ಗೀಚಬೇಕು ಅನ್ನಿಸುತ್ತೆ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಮೂಗು ಮುರಿದವರಿಗೂ ನಮಗೂ ಆಗ ಏನು ವ್ಯತ್ಯಾಸ? ಆ ಹಾಳೆಯಲ್ಲಿ 'ಸಲಹೆ' ಅಂತ ಒಂದು ಬಗೆ ಇದೆ. ಅದನ್ನು ಹಾಕಿಕೊಂಡು ತಿದ್ದಿದರೆ ನಿಮ್ಮ ತಿದ್ದುಪಡಿ ಸೀದಾ ಒಳಗೆ ಹೋಗೋದಿಲ್ಲ. ಬೇರೆ ಬಣ್ಣದಲ್ಲಿ ಕಾಯುತ್ತಾ ನಿಲ್ಲುತ್ತೆ. ಬರೆದ ಮಗು ಒಪ್ಪಿಗೆ ಒತ್ತಿದರೆ ಒಳಗೆ, ಬೇಡ ಅಂದರೆ ಹೊರಗೆ. ನಾನು 'ನೀರು ಬರುತ್ತದೆ' ಅಂತ ತಿದ್ದಿದ್ದೆ. ಒಬ್ಬ ಹುಡುಗ ಬೇಡ ಒತ್ತಿದ. ಯಾಕೋ ಅಂದೆ. 'ಪರೀಕ್ಷೆಗೆ ಬರುತ್ತದೆ ಅಂತ್ಲೇ ಬರೀತೀನಿ ಸಾರ್. ಇದು ನಮ್ಮವ್ವ ಯೋಳಿದ್ದು, ಅವ್ವ ಬತ್ತದೆ ಅಂತ್ಲೇ ಯೋಳದು' ಅಂದ. ಮೇಷ್ಟ್ರ ತಿದ್ದುಪಡಿಯನ್ನು ತಿರಸ್ಕರಿಸುವ ಒಂದು ಗುಂಡಿ! ಗೋಣಿತಟ್ಟು ಮನೆಯಿಂದ ಹೊತ್ತು ತಂದು ಮೂಲೆಯಲ್ಲಿ ಹಾಸಿಕೊಂಡು ಕೂರುತ್ತಿದ್ದ ಬಾಲಕ ಭೀಮರಾಯನಿಗೆ ಇಂಥದ್ದೊಂದು ಸಿಕ್ಕಿದ್ದರೆ ಅಂತ ಆ ರಾತ್ರಿಯೆಲ್ಲ ಯೋಚಿಸಿದೆ. ಸೃಜನಶೀಲ ಬಳಕೆ ಅಂತ ಏನಾದರೂ ಇದ್ದರೆ ನನ್ನ ಪ್ರಕಾರ ಅದು ಅಲ್ಲಿದೆ. ಬಣ್ಣಬಣ್ಣದ ಅಕ್ಷರದಲ್ಲಿ, ಹಾರಾಡುವ ಚಿಟ್ಟೆ ಚಿತ್ರದಲ್ಲಿ ಇಲ್ಲ.

ಎರಡನೆಯ ಹಾಳೆಯ ಹೆಸರು 'ನಮ್ಮೂರ ನೀರು'. ಎಷ್ಟು ಬಾವಿ, ಎಷ್ಟು ಬೋರು, ನಲ್ಲಿ ಎಷ್ಟು ದಿನಕ್ಕೆ, ಯಾವ ಬೀದಿಗೆ ಮೊದಲು ಬಿಡುತ್ತಾರೆ. ಎಂಟನೇ ಕ್ಲಾಸಿನವರು ಬರೆದರು. ಒಬ್ಬ ಹುಡುಗಿ ಬರೆದಳು: 'ಊರೊಳಗೆ ದಿನಾ ನೀರು ಬರುತ್ತೆ. ನಮ್ಮ ಕಾಲೋನಿಗೆ ಮೂರು ದಿನಕ್ಕೊಂದು ಸಲ. ಹಳೇ ಬಾವಿ ಹತ್ತಿರ ನಮ್ಮಜ್ಜಿ ಈಗಲೂ ನಿಂತ್ಕೊಳಲ್ಲ.' ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಆ ಮೂರು ಸಾಲು ಇಲ್ಲ. ಅಳಿಸಿದ್ದಾರೆ. ಹುಡುಗಿ ಅಳಲಿಲ್ಲ. ಅವಳಿಗೆ ಅದು ಹೊಸದಾಗಿ ಕಾಣಲಿಲ್ಲ ಅನ್ನಿಸುತ್ತೆ, ಅದೇ ನನ್ನನ್ನು ಚುಚ್ಚಿದ್ದು.

ಆದರೆ ಆ ಹಾಳೆಯ ಗುಣ ಏನೆಂದರೆ ಅಳಿಸಿದ್ದು ಪೂರ್ತಿ ಅಳಿಸೋದಿಲ್ಲ. ಹಿಂದಿನ ಆವೃತ್ತಿಗಳೆಲ್ಲ ಒಂದರ ಹಿಂದೊಂದು ಉಳಿದಿರುತ್ತವೆ. ಗೋಡೆಗೆ ಹಾಕಿ ಎಲ್ಲರೆದುರು ತೆರೆದೆ. ಎಷ್ಟು ಗಂಟೆಗೆ ಆ ಸಾಲು ಇತ್ತು, ಎಷ್ಟು ಗಂಟೆಗೆ ಹೋಯಿತು, ಎಲ್ಲ ಬಂತು. ಯಾರು ಅಂತ ಬರಲಿಲ್ಲ, ಎಲ್ಲರೂ ಅನಾಮಿಕ ಪ್ರಾಣಿಗಳೇ. ನನಗೂ ಯಾರು ಅಂತ ಹಿಡಿದು ಹೊಡೆಯೋದು ಬೇಕಿರಲಿಲ್ಲ. ಅಳಿಸಿದ ಜಾಗ ಎಲ್ಲರಿಗೂ ಕಂಡಿತಲ್ಲ, ಅದು ಬೇಕಿತ್ತು. ಶಾನುಭೋಗರ ಪುಸ್ತಕಕ್ಕೆ ಈ ಗುಣ ಇದ್ದಿದ್ದರೆ ನಮ್ಮವರ ಎಷ್ಟು ಎಕರೆ ಉಳಿಯುತ್ತಿತ್ತೋ. ಹುಡುಗಿ ಎದ್ದು ಹೋಗಿ ಆ ಮೂರು ಸಾಲನ್ನು ಮತ್ತೆ ಟೈಪು ಮಾಡಿದಳು. ಅದರ ಕೆಳಗೆ ಊರಿನ ಹುಡುಗನೊಬ್ಬ ಬರೆದ: 'ನಿಜ. ನೀರು ಬಿಡೋದು ನಮ್ಮ ದೊಡ್ಡಪ್ಪ.'

ಅಲ್ಲಿಗೆ ಕತೆ ಮುಗಿದಿದ್ದರೆ ನಾನು ವೀರ. ಮುಗಿಯಲಿಲ್ಲ. ಮೂರನೇ ದಿನ ಊರಿನ ಇಬ್ಬರು ಯಜಮಾನರು ಶಾಲೆಗೆ ಬಂದರು. ಬಲು ಮರ್ಯಾದೆಯಿಂದಲೇ ಮಾತಾಡಿದರು. 'ಏನ್ ಮೇಷ್ಟ್ರೇ, ಪಾಠ ಮಾಡ್ತೀರೋ ಪಂಚಾಯ್ತಿ ಮಾಡ್ತೀರೋ? ಊರಲ್ಲಿ ಎಲ್ಲ ಚೆನ್ನಾಗವ್ರೆ. ಐಕ್ಳ ತಲೇಗ್ ಇವೆಲ್ಲ ಯಾಕ್ ತುಂಬ್ತೀರಿ? ಕಂಪ್ಯೂಟರ್ ಕಲಿಸ್ರಿ ಅಂದ್ರೆ ಊರ್ ಮಾನ ಇಂಟರ್‌ನೆಟ್ಟಿಗ್ ಆಕ್ತೀರಲ್ಲ.' ನಾನು ಬಾಡಿಗೆ ಮನೆಯಲ್ಲಿರುವವನು. ವರ್ಗಾವಣೆಯ ಹೆದರಿಕೆ, ಮಗಳ ಪಿಯುಸಿ. ಆ ಸಂಜೆ ಹಾಳೆಯ ಸೆಟ್ಟಿಂಗು ಬದಲಾಯಿಸಿದೆ. ಎಲ್ಲರೂ ನೋಡಬಹುದು, ಅಷ್ಟೆ.

ಹೌದು ಗೆಳೆಯರೇ, ನಾನೇ. ಕೇರಿಯಲ್ಲಿ ಹುಟ್ಟಿ, ಮೀಸಲಾತಿಯಲ್ಲಿ ನೌಕರಿ ಹಿಡಿದು, ಏಪ್ರಿಲ್ 14ರಂದು ಭಾಷಣ ಮಾಡುವ ನಾನೇ ಮೂವತ್ತು ಮಕ್ಕಳನ್ನು ಒಂದು ಬೆರಳಿನಲ್ಲಿ ನಾಲ್ಕನೇ ಮೆಟ್ಟಿಲಿಗೆ ತಳ್ಳಿದೆ. ಮಾರನೇ ದಿನ ಆ ಹುಡುಗಿ ಬಂದು ಹೇಳಿದಳು: 'ಸಾರ್, ಪೆನ್ಸಿಲ್ ಗುರುತು ಹೋಗ್‌ಬುಟ್ಟದೆ.' ದೂರಿನ ದನಿಯಲ್ಲಿ ಹೇಳಲಿಲ್ಲ. ಯಂತ್ರ ಕೆಟ್ಟಿದೆ, ನೀವು ರಿಪೇರಿ ಮಾಡ್ತೀರಿ ಅಂತ ನಂಬಿ ಹೇಳಿದಳು. ಹನ್ನೊಂದು ದಿನ ನಾನು ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳಿದೆ. ಹನ್ನೆರಡನೇ ದಿನ ತೆರೆದೆ. ಧೈರ್ಯ ಬಂದು ಅಲ್ಲ, ಸುಳ್ಳು ಹೇಳಿ ಹೇಳಿ ಬೇಸರ ಬಂದು. ನೀರಿನ ಸರದಿ ಈಗಲೂ ಬದಲಾಗಿಲ್ಲ. ಆದರೆ ಯಾವ ದಿನ ಬಂತು, ಯಾವ ದಿನ ಬರಲಿಲ್ಲ ಅಂತ ಐಕಳು ದಿನಾ ಬರೆಯುತ್ತಿದ್ದಾರೆ. ಆ ಪಟ್ಟಿ ಗ್ರಾಮಸಭೆಗೆ ಹೋಗಲಿದೆ, ಪ್ರಿಂಟು ತೆಗೆದು.

ಮೂರನೆಯ ಹಾಳೆ ಪಹಣಿಯದ್ದು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು, ಈಗ ಸರ್ವೇ ನಂಬರು ಹಾಕಿದರೆ ಫೋನಿನಲ್ಲೇ ಬರುತ್ತೆ. 9ನೇ ಕಲಮಿನಲ್ಲಿ ಯಾರ ಹೆಸರಿದೆ, 11ನೇ ಕಲಮಿನಲ್ಲಿ ಯಾವ ಋಣ ಇದೆ ಅಂತ ಹತ್ತನೇ ಕ್ಲಾಸಿನವರಿಗೆ ಓದಲು ಹೇಳಿಕೊಟ್ಟೆ. ಒಂದು ಬದಿಗೆ ಪಹಣಿ ಹೇಳುವ ಮಾತು, ಇನ್ನೊಂದು ಬದಿಗೆ ಮನೆಯ ಅಜ್ಜಿ ಹೇಳುವ ಮಾತು. ಇದನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟಿಲ್ಲ, ಆಯಾ ಮನೆಯವರ ಹಾಳೆ ಆಯಾ ಮನೆಯವರದ್ದು. ಯಾಕೆ ಅಂತ ಹಳ್ಳಿಯಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಕ್ಷೇಪಣೆಗಳು ಗೊತ್ತು. ಇದು ಅಮೆರಿಕದ ಕಂಪನಿಯ ಹಾಳೆ, ನಮ್ಮ ಐಕಳ ಮಾತು ಅವರ ಕಣಜಕ್ಕೆ ಹೋಗುತ್ತೆ ಅಂತ ಸಂಗಾತಿಯೊಬ್ಬರು ಬೈದರು. ಬೈದದ್ದು ಸರಿ. ಬಂಡವಾಳಶಾಹಿ ಪುಕ್ಕಟೆ ಕೊಡುವ ಮಜ್ಜಿಗೆಗೂ ಲೆಕ್ಕ ಇಟ್ಟಿರುತ್ತೆ. 2023ರ ದತ್ತಾಂಶ ಸಂರಕ್ಷಣೆ ಕಾಯ್ದೆ 18 ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತೆ. ಮಕ್ಕಳ ಹೆಸರು, ಫೋಟೋ, ಆಧಾರು, ಮನೆ ವಿಳಾಸ ಹಾಳೆಗೆ ಹಾಕಬೇಡಿ, ಲಾಗಿನ್ ಮಾಡಿಸಲು ಆತುರ ಬೇಡ. ಲಿಬ್ರೆಆಫೀಸ್ ಪುಕ್ಕಟೆ ತಂತ್ರಾಂಶ, ಕನ್ನಡದಲ್ಲಿದೆ, ಇಂಟರ್‌ನೆಟ್ ಇಲ್ಲದೆ ನಡೆಯುತ್ತೆ. ಆದರೆ ಅದರಲ್ಲಿ ಎಲ್ಲರೂ ಒಟ್ಟಿಗೆ ಬರೆಯಲು ಸುಲಭವಿಲ್ಲ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ಸರ್ಕಾರಿ ಶಾಲೆಯ ಮೇಷ್ಟ್ರುಗಳ ಕೈಲೇ ಬರೆಸಿದ ಒಂದು ವಿಕಿ ಇದೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಯಾರು ಬೇಕಾದರೂ ತಿದ್ದಬಹುದು. ಅಲ್ಲಿ ನಮ್ಮ ಊರುಗಳ ಪುಟ ತೆಗೆದು ನೋಡಿ. ಕೋಟೆ ಕಟ್ಟಿದವನ ಹೆಸರು ಸಿಗುತ್ತೆ, ಗುಡಿಯ ಹೆಸರು ಸಿಗುತ್ತೆ, 'ಶೋಲೆ' ಚಿತ್ರ ತೆಗೆದ ಬೆಟ್ಟ ಸಿಗುತ್ತೆ. ಅಲ್ಲಿಂದ ಕೂಗಳತೆಯಲ್ಲಿ ಕಲ್ಲು ಒಡೆದವರನ್ನು ಹುಡುಕಿ ಹೇಳಿ ನನಗೆ.

ಫೋನಿನ ಮೈಕು ಒತ್ತಿ ಮಾತಾಡಿದರೆ ಕನ್ನಡ ಅಕ್ಷರವಾಗುತ್ತೆ, ಟೈಪು ಬಾರದ ಅಜ್ಜಿಯೂ ಬರೆಯಬಹುದು ಅಂತ ಕುಣಿದಾಡಿದೆ. ಸ್ವಲ್ಪ ಹೊತ್ತು. ನಮ್ಮ ಕಡೆಯ ಮಾತು ಕೇಳಿ ಯಂತ್ರ ತಡವರಿಸಿತು, ಆಮೇಲೆ ತನಗೆ ಗೊತ್ತಿದ್ದ ಶಿಷ್ಟ ಪದ ಹಾಕಿಬಿಟ್ಟಿತು. ಅದಕ್ಕೂ ಮೇಷ್ಟ್ರ ರೋಗ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಈ ಹಾಳೆಗೆ ತಂದು ಸುರಿಯಬೇಡಿ, ಪಿಶಾಚಿ ಭಾಷೆಯಾಗುತ್ತೆ. ಯೂನಿಕೋಡಿಗೆ ಬದಲಿಸಿ ತನ್ನಿ. ಇನ್ನು ಚಾಟ್‌ಜಿಪಿಟಿ ಥರದ ಬರೆಯುವ ಯಂತ್ರಗಳ ಹತ್ತಿರ ಪ್ರಬಂಧ ಬರೆಸಿಕೊಂಡು ಬರುವ ಐಕಳೂ ಶುರುವಾಗಿದ್ದಾರೆ. ಅದು ಬರೆದ 'ನಮ್ಮೂರು' ಪ್ರಬಂಧದಲ್ಲಿ ಹಸಿರು ಹೊಲ, ಹರಿಯುವ ಹೊಳೆ, ಸೌಹಾರ್ದದಿಂದ ಬಾಳುವ ಜನ. ಕೇರಿ ಇರಲೇ ಇಲ್ಲ. ಹಳೇ ಪಠ್ಯಪುಸ್ತಕದಲ್ಲಿ ನಾನು ಓದಿದ್ದ ಊರೇ ಅದು.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದಾಗ ಕೊಡಲಿಲ್ಲ. ನಮ್ಮ ಹಿರಿಯರು ಬೆಂಗಳೂರಿನಲ್ಲಿ ತಾವೇ ಬಂಡಾಯದ ಸಮ್ಮೇಳನ ಸೇರಿದರು. ಆಗ ಅವರ ಕೈಲಿ ಏನಿತ್ತು? ಸೈಕ್ಲೋಸ್ಟೈಲ್ ಮಾಡಿದ ಹಾಳೆ, ಕರಪತ್ರ, ಗೋಡೆ, ಸುಣ್ಣ. ನಮ್ಮ ಶಾಲೆಯಲ್ಲಿ ಆರು ಯಂತ್ರಗಳಿವೆ.

ಈ ಬೇಸಿಗೆ ರಜೆ ಕಳೆದು ಶಾಲೆ ತೆರೆದ ಮೇಲೆ ನಾಲ್ಕು ಹಾಳೆ ತೆರೆಯೋಣ ಅಂತ ನಾವು ಕೆಲವು ಮೇಷ್ಟ್ರುಗಳು, ಮೇಡಮ್ಮುಗಳು ಮಾತಾಡಿಕೊಂಡಿದ್ದೀವಿ. ರಾಮನಗರದವರು ಗೂಡಿನ ಬಗ್ಗೆ, ಚನ್ನಪಟ್ಟಣದವರು ಬೊಂಬೆಯ ಬಗ್ಗೆ, ಕನಕಪುರದವರು ಕಲ್ಲಿನ ಬಗ್ಗೆ, ಮಾಗಡಿಯವರು ನೀರಿನ ಬಗ್ಗೆ. ಬರೆಯುವವರು ಮಕ್ಕಳು. ನಾವು ಸಲಹೆ ಮಾತ್ರ, ಅದೂ ಅವರು ಒಪ್ಪಿದರೆ. ನಿಮ್ಮ ಶಾಲೆಯ ಲ್ಯಾಬಿನ ಕೀಲಿ ಯಾವ ಡ್ರಾಯರಿನಲ್ಲಿದೆ ಅಂತ ಮೊದಲು ಹುಡುಕಿಟ್ಟುಕೊಳ್ಳಿ. ಬಾಗಿಲು ತೆಗೆದ ದಿನ ಐಕಳಿಗೆ ಚಪ್ಪಲಿ ಬಿಡಿ ಅನ್ನಬೇಡಿ. ಎಷ್ಟೋ ಐಕಳ ಕಾಲಲ್ಲಿ ಅದು ಇರೋದೂ ಇಲ್ಲ.